ಕಾಯಕ, ಅಂಕಿತ ಮತ್ತು ಹೊಸ ಬರಹಗಾರರ ಪರಿಚಯದ ಮಾತು

ಹೊಸದಾಗಿ ಬರವಣಿಗೆಗೆ ತೊಡಗಿದವರಿಗೆ ಕಥೆ, ಕವಿತೆಗಳಿಗಿಂತಲೂ ಕಠಿಣವಾದ ಬರಹವೊಂದಿದೆ. ತಮ್ಮ ಪರಿಚಯವನ್ನು ತಾವೇ ಬರೆಯುವುದೇ ಆ ಬರಹ. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರ ಯುವತಿ ತನ್ನ ಮೊದಲ ಕವನ ಸಂಕಲನವನ್ನು ಸಿದ್ಧಪಡಿಸಿದ್ದಾಳೆಂದು ಭಾವಿಸಬಹುದು. ತಂದೆ ಮಾವಿನ ತೋಪು ನೋಡಿಕೊಳ್ಳುವವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೊರಳಲ್ಲಿ ಅಜ್ಜಿ ಮುಂದೆ ನಿಂತು ಕಟ್ಟಿಸಿದ ಇಷ್ಟಲಿಂಗ. ಕವಿತೆಗಳೆಲ್ಲ ಮುಗಿದ ಮೇಲೆ ಪ್ರಕಾಶಕರು ಹತ್ತು ಸಾಲಿನ ಲೇಖಕಿಯ ಪರಿಚಯವನ್ನು ಕೇಳುತ್ತಾರೆ. ಹೆಸರು, ಊರು, ಓದು ಎಂಬ ಮೂರು ಸಾಲುಗಳು ಸುಲಭವಾಗಿ ಬರುತ್ತವೆ. ಹವ್ಯಾಸ ಎಂಬಲ್ಲಿ ಪುಸ್ತಕ ಓದುವುದು, ಸಂಗೀತ ಕೇಳುವುದು ಎಂದು ಎಲ್ಲರೂ ಬರೆಯುವುದನ್ನೇ ಬರೆಯುತ್ತಾಳೆ. ನಂಬಿಕೆಯ ವಿಷಯ ಬಂದಾಗ ಲೇಖನಿ ನಿಲ್ಲುತ್ತದೆ. ಬರೆದರೆ ಇವಳು ಇಂಥ ಜಾತಿಯವಳೆಂದು ಓದುಗರು ಮೊದಲೇ ಗೆರೆ ಎಳೆದುಬಿಡುವರೇನೋ ಎಂಬ ಅಳುಕು. ಬರೆಯದಿದ್ದರೆ ದಿನವೂ ಕರಸ್ಥಲದಲ್ಲಿ ಹಿಡಿದು ಪೂಜಿಸುವುದನ್ನು ಮರೆಮಾಚಿದಂತಾಯಿತಲ್ಲ ಎಂಬ ಸಂಕಟ.

ಈ ಯುವತಿ ಕಲ್ಪಿತಳಾದರೂ ಆಕೆಯ ಸಂಕಟ ಕಲ್ಪಿತವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸುತ್ತಿನಲ್ಲಿ ಬರೆಯುವ ಹಂಬಲವಿರುವ ಅನೇಕ ಎಳೆಯರು ಈ ಹೊಸ್ತಿಲಲ್ಲಿ ನಿಂತವರೇ. 'ನಾನು ಯಾರು, ನನ್ನ ಒಲವೇನು, ನನ್ನ ನಂಬಿಕೆಯೇನು' ಎಂಬ ಮೂರು ಪ್ರಶ್ನೆಗಳಿಗೆ ಯಾವ ಹಮ್ಮೂ ಇಲ್ಲದೆ, ಯಾವ ಅಂಜಿಕೆಯೂ ಇಲ್ಲದೆ ಉತ್ತರಿಸುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಶರಣರ ಬಳಿಗೆ ಹೋದರೆ ದೊರೆಯುವ ಉತ್ತರ ಇಂದಿಗೂ ಹಳತಾಗಿಲ್ಲ.

ಹನ್ನೆರಡನೆಯ ಶತಮಾನದ ಶರಣರು ತಮ್ಮನ್ನು ಪರಿಚಯಿಸಿಕೊಳ್ಳಲು ಎರಡು ದಾರಿಗಳನ್ನು ಬಳಸಿದರು. ಒಂದು, ಹೆಸರಿನ ಮುಂದಿರುವ ಕಾಯಕ. ಇನ್ನೊಂದು, ವಚನದ ಕೊನೆಯಲ್ಲಿರುವ ಅಂಕಿತ.

ಮೊದಲು ಕಾಯಕದ ವಿಚಾರ. ಮಡಿವಾಳ ಮಾಚಿದೇವ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಕೊಟ್ಟಣದ ಸೋಮವ್ವ, ಕದಿರ ರೆಮ್ಮವ್ವ. ಈ ಹೆಸರುಗಳನ್ನು ದಿನವೂ ಕೇಳಿ ಕೇಳಿ ಅವುಗಳೊಳಗಿನ ಧೈರ್ಯವೇ ಮರೆತುಹೋದಂತಾಗಿದೆ. ಬಟ್ಟೆ ಒಗೆಯುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ದೋಣಿ ನಡೆಸುವುದು, ತೊಗಲು ಹದಮಾಡುವುದು, ಭತ್ತ ಕುಟ್ಟುವುದು, ನೂಲು ತೆಗೆಯುವುದು ಎಂಬ ಕೆಲಸಗಳನ್ನು ಅಂದಿನ ಸಮಾಜ ಕೀಳೆಂದು ಕರೆದಿತ್ತು. ಯಾವ ಮಾತಿನಿಂದ ಊರು ತಮ್ಮನ್ನು ಕೆಳಗಿಳಿಸುತ್ತಿತ್ತೋ ಆ ಮಾತನ್ನೇ ಹೆಸರಿನ ಮುಂದೆ ನಿಲ್ಲಿಸಿಕೊಂಡು ಶರಣರು ಅನುಭವ ಮಂಟಪದಲ್ಲಿ ಕುಳಿತರು. ಮೋಳಿಗೆಯ ಮಾರಯ್ಯನವರನ್ನು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದವರೆಂದು ಪರಂಪರೆ ಹೇಳುತ್ತದೆ. ಆದರೆ ಹೆಸರಿನಲ್ಲಿ ಉಳಿದದ್ದು ರಾಜ್ಯವಲ್ಲ, ತಲೆಯ ಮೇಲೆ ಹೊತ್ತು ಮಾರಿದ ಸೌದೆಯ ಮೋಳಿಗೆ. ಒಬ್ಬ ವ್ಯಕ್ತಿ ತನ್ನ ಬದುಕಿನ ಯಾವ ಸಂಗತಿಯನ್ನು ಪರಿಚಯಕ್ಕೆ ಆರಿಸಿಕೊಳ್ಳುತ್ತಾನೆ ಎಂಬುದರಿಂದಲೇ ಅವನ ಮೌಲ್ಯ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ಅಂಕಿತ. ಬಸವಣ್ಣನವರ ವಚನಗಳು ಕೂಡಲಸಂಗಮದೇವನ ಹೆಸರಿನಲ್ಲಿ ಮುಗಿಯುತ್ತವೆ. ಅಲ್ಲಮಪ್ರಭುಗಳವು ಗುಹೇಶ್ವರನ ಹೆಸರಿನಲ್ಲಿ. ಅಕ್ಕಮಹಾದೇವಿಯವರವು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ. ಸಿದ್ಧರಾಮೇಶ್ವರರವು ಕಪಿಲಸಿದ್ಧಮಲ್ಲಿಕಾರ್ಜುನನ ಹೆಸರಿನಲ್ಲಿ. ಬರೆದವರ ಹೆಸರು ಇರಬೇಕಾದ ಜಾಗದಲ್ಲಿ ನಂಬಿದವನ ಹೆಸರು ಬಂದಿದೆ. ಆದರೂ ಬರೆದವರು ಅಳಿಸಿಹೋಗಲಿಲ್ಲ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಇಂಥ ಕಟ್ಟುಗಳಲ್ಲಿ ಯಾವ ವಚನ ಯಾರದೆಂದು ವಿದ್ವಾಂಸರು ವಿಂಗಡಿಸಲು ನೆರವಾದ ಮುಖ್ಯ ಆಧಾರ ಈ ಅಂಕಿತವೇ. ದೇವರ ಹೆಸರನ್ನು ಹೇಳಿದವರ ಗುರುತನ್ನು ಆ ಹೆಸರೇ ಕಾಪಾಡಿತು.

ಅಂಕಿತದಲ್ಲಿ ಭಕ್ತಿಯಷ್ಟೇ ಅಲ್ಲದೆ ಋಣವೂ ಇದೆ. ಕೂಡಲಸಂಗಮ ಬಸವಣ್ಣನವರು ಬೆಳೆದ ನೆಲ. ಮುಕ್ತಾಯಕ್ಕನ ವಚನಗಳಲ್ಲಿ ಅಣ್ಣ ಅಜಗಣ್ಣನ ಹೆಸರೇ ಅಂಕಿತವಾಗಿದೆ. ಹಡಪದ ಅಪ್ಪಣ್ಣನವರು ಬಸವಪ್ರಿಯ ಕೂಡಲಚೆನ್ನಬಸವಣ್ಣನೆಂದರು. ಅವರ ಪುಣ್ಯಸ್ತ್ರೀ ಲಿಂಗಮ್ಮ ಅಪ್ಪಣ್ಣಪ್ರಿಯ ಚೆನ್ನಬಸವಣ್ಣನೆಂದರು. ಆಯ್ದಕ್ಕಿ ಲಕ್ಕಮ್ಮ ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ಕರೆದರು. ಗಂಡನ ಹೆಸರಿಟ್ಟುಕೊಂಡ ಮಾತ್ರಕ್ಕೆ ಲಕ್ಕಮ್ಮ ಅವನ ನೆರಳಾಗಲಿಲ್ಲ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಹೇಳಿ ತಿದ್ದಿದವರು ಆಕೆಯೇ. ಊರಿನ ಋಣ, ಗುರುವಿನ ಋಣ, ಒಡಹುಟ್ಟಿದವರ ಋಣ, ಬಾಳಸಂಗಾತಿಯ ಋಣ ಇವೆಲ್ಲವನ್ನೂ ಒಂದೆರಡು ಪದಗಳಲ್ಲಿ ಒಪ್ಪಿಕೊಳ್ಳುವ ವಿಧಾನವೇ ಅಂಕಿತ.

ಹಾಗೆಂದು ತನ್ನ ಹೆಸರನ್ನು ಹೇಳುವುದೇ ಅಹಂಕಾರವೆಂದು ಶರಣರು ಭಾವಿಸಿದರೇ? ಇಲ್ಲ. ಅಂಬಿಗರ ಚೌಡಯ್ಯನವರ ಅಂಕಿತ 'ಅಂಬಿಗರ ಚೌಡಯ್ಯ' ಎಂದೇ ಇದೆ. ತಮ್ಮ ಕಾಯಕವನ್ನೂ ತಮ್ಮ ಹೆಸರನ್ನೂ ಕೂಡಿಸಿ ವಚನಕ್ಕೆ ಮುದ್ರೆಯೊತ್ತಿದ ನಿಷ್ಠುರಿ ಅವರು. ಅವರನ್ನು ಯಾರೂ ಅಹಂಕಾರಿಯೆನ್ನಲಿಲ್ಲ, ನಿಜಶರಣನೆಂದರು. ಆದ್ದರಿಂದ ಶರಣರ ಮಾರ್ಗದಲ್ಲಿ ಹೆಸರನ್ನು ಮುಚ್ಚಿಡುವುದು ಕಡ್ಡಾಯವಲ್ಲ. ಹೇಳುವ ಹೆಸರಿನ ಹಿಂದೆ ಕಾಯಕವಿರಬೇಕು ಎಂಬುದಷ್ಟೇ ಅಲ್ಲಿನ ನಿಯಮ.

ಹೊಸಬರೊಬ್ಬರು ತಮ್ಮನ್ನು ಪರಿಚಯಿಸಿಕೊಳ್ಳುವ ಅತ್ಯಂತ ತೀವ್ರವಾದ ಸನ್ನಿವೇಶ ಕನ್ನಡದಲ್ಲಿ ಎಲ್ಲಿದೆ ಎಂದು ಹುಡುಕಿದರೆ ದೃಷ್ಟಿ ಶೂನ್ಯಸಂಪಾದನೆಯ ಕಡೆಗೆ ಹೊರಳುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಎಳೆಯ ಪ್ರಾಯದ ಮಹಾದೇವಿ ಅನುಭವ ಮಂಟಪದ ಮುಂದೆ ನಿಲ್ಲುತ್ತಾರೆ. ಪ್ರಭುದೇವರು ಅವರನ್ನು ಹೊಗಳಿ ಬರಮಾಡಿಕೊಳ್ಳುವುದಿಲ್ಲ. ಗಂಡನಾರೆಂದು ಕೇಳುತ್ತಾರೆ, ಸೀರೆಯನ್ನು ತೊರೆದ ಮೇಲೆ ಕೂದಲಿನ ಮರೆಯೇಕೆ ಎಂದು ನೇರವಾಗಿ ಪ್ರಶ್ನಿಸುತ್ತಾರೆ. ಮಹಾದೇವಿ ಪ್ರಶ್ನೆಗೆ ಸಿಡುಕಲಿಲ್ಲ, ಸಭೆಗೆ ಬೆದರಲೂ ಇಲ್ಲ. ತಂದೆತಾಯಿಗಳ ಮನೆತನವನ್ನಾಗಲಿ, ಬಿಟ್ಟುಬಂದ ಅರಮನೆಯನ್ನಾಗಲಿ ಮುಂದೆ ಮಾಡಲಿಲ್ಲ. ತಾನು ಯಾರಿಗೆ ಸೇರಿದವಳೆಂಬ ಒಂದು ನಿಶ್ಚಯದ ಮೇಲೆ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟರು. ಆ ಸಂವಾದ ಮುಗಿಯುವ ವೇಳೆಗೆ ಹೊಸಬಳಾಗಿ ಬಂದವರು ಎಲ್ಲರ ಅಕ್ಕನಾಗಿದ್ದರು. ಪರಿಚಯವೆಂಬುದು ಪದವಿಗಳ ಪಟ್ಟಿಯಲ್ಲ, ಪ್ರಶ್ನೆಯ ಮುಂದೆ ನಿಲ್ಲಬಲ್ಲ ಮಾತು ಎಂಬುದು ಈ ಪ್ರಸಂಗದ ಸಾರ.

ಈ ಮಾತಿಗೆ ಕಲ್ಯಾಣವೇ ಬೇಕಿಲ್ಲ, ಕೋಲಾರದ ನೆಲವೂ ಸಾಕ್ಷಿ ನುಡಿಯುತ್ತದೆ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ನೆಲೆಸಿದ್ದ ಹದಿನೈದನೆಯ ಶತಮಾನದ ಶ್ರೀಪಾದರಾಜರು ಸಂಸ್ಕೃತದ ಮಹಾವಿದ್ವಾಂಸರಾಗಿದ್ದೂ ಕನ್ನಡದಲ್ಲಿ ಹಾಡುಗಳನ್ನು ರಚಿಸಿದರು. ಆ ಹಾಡುಗಳಲ್ಲಿ ಅವರ ಹೆಸರಿಲ್ಲ, ರಂಗವಿಠಲನ ಅಂಕಿತವಿದೆ. ಶರಣರು ತೋರಿದ ಅಂಕಿತದ ಪದ್ಧತಿ ಹರಿದಾಸರಲ್ಲಿ ಗುರುವಿನಿಂದ ಪಡೆಯುವ ದೀಕ್ಷೆಯ ರೂಪವನ್ನೇ ತಾಳಿತು. ಮಾರ್ಗಗಳು ಬೇರೆಯಾದರೂ ಕನ್ನಡದ ಭಕ್ತರು ತಮ್ಮ ಮಾತಿನ ಕೊನೆಗೆ ತಮ್ಮನ್ನು ಇಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಅದೇ ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಡಿ. ವಿ. ಗುಂಡಪ್ಪನವರು ಜನಿಸಿದರು. ಪ್ರೌಢಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅವರ ಶಾಲೆಯ ಓದು ಅಲ್ಲಿಗೇ ನಿಂತಿತು. ಬೆಂಗಳೂರಿಗೆ ಹೋಗಿ ಪತ್ರಿಕೆಗಳಲ್ಲಿ ದುಡಿದರು. ಪರಿಚಯದಲ್ಲಿ ಬರೆದುಕೊಳ್ಳಲು ಆ ತರುಣನ ಬಳಿ ಒಂದು ಪದವಿಯೂ ಇರಲಿಲ್ಲ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. 1943ರಲ್ಲಿ ತಮ್ಮ ಜೀವನಚಿಂತನೆಯ ಸಾರವನ್ನು ಪದ್ಯಗಳಲ್ಲಿ ಹೊರತಂದಾಗ ಅವರು ಆರಿಸಿಕೊಂಡ ಅಂಕಿತ 'ಮಂಕುತಿಮ್ಮ'. ಲೋಕ ಜ್ಞಾನಿಯೆಂದು ಕರೆಯುತ್ತಿದ್ದ ಕಾಲದಲ್ಲಿ ಅವರು ತಮ್ಮನ್ನು ಮಂಕನೆಂದು ಕರೆದುಕೊಂಡರು. ಜ್ಞಾಪಕ ಚಿತ್ರಶಾಲೆಯ ಸಂಪುಟಗಳಲ್ಲಿಯೂ ಅವರು ಚಿತ್ರಿಸಿದ್ದು ಮುಖ್ಯವಾಗಿ ತಾವು ಕಂಡ ವಿದ್ವಾಂಸರನ್ನು, ಕಲಾವಿದರನ್ನು, ಸಾಮಾನ್ಯರನ್ನು.

ಮಾಲೂರು ತಾಲ್ಲೂಕಿನಲ್ಲಿ 1891ರ ಜೂನ್ 6ರಂದು ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಥೆಯೂ ಇದೇ ದಾರಿಯದು. ಮನೆಮಾತು ತಮಿಳು. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾದವರು. ಆದರೆ ಕಥೆ, ಕವಿತೆಗಳ ಮೇಲೆ ಅಧಿಕಾರಿಯ ಮೊಹರನ್ನು ಒತ್ತಲಿಲ್ಲ. 'ಶ್ರೀನಿವಾಸ' ಎಂಬ ದೇವರ ಹೆಸರಿನಲ್ಲಿ ಬರೆದರು. 1920ರಲ್ಲಿ ಬಂದ ಅವರ ಮೊದಲ ಕಥಾಸಂಕಲನದ ಹೆಸರು 'ಕೆಲವು ಸಣ್ಣ ಕಥೆಗಳು'. ಅದಕ್ಕಿಂತ ಸಂಕೋಚದ ಹೆಸರನ್ನು ಕಲ್ಪಿಸುವುದು ಕಷ್ಟ. ಎರಡು ವರ್ಷಗಳ ಅನಂತರ ಬಂದ ಕವಿತೆಗಳ ಪುಸ್ತಕ 'ಬಿನ್ನಹ'. ಹೊಸಗನ್ನಡದ ಸಣ್ಣಕಥೆಗೆ ತಳಹದಿ ಹಾಕಿ, 1983ರ ಜ್ಞಾನಪೀಠ ಪ್ರಶಸ್ತಿಯವರೆಗೆ ಬೆಳೆದ ಈ ಲೇಖಕ ತಮ್ಮ ಜೀವನವೃತ್ತಾಂತವಾದ 'ಭಾವ'ವನ್ನು ಬರೆದದ್ದು ಇಳಿವಯಸ್ಸಿನಲ್ಲಿ. ಅವರು ಶ್ರೀವೈಷ್ಣವ ನಿಷ್ಠೆಯನ್ನು ಎಂದೂ ಮುಚ್ಚಿಡಲಿಲ್ಲ. ಆ ನಿಷ್ಠೆ ಇತರರನ್ನು ಕಾಣುವ ಕಣ್ಣಿಗೆ ಪೊರೆಯಾಗಲೂ ಇಲ್ಲ. 1937ರಲ್ಲಿ ಕರ್ನಾಟಕದ ಜನಸಂಸ್ಕೃತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ಅವರು ವಚನಕಾರರನ್ನೂ ಹರಿದಾಸರನ್ನೂ ಹೊರಗಿನ ಓದುಗರಿಗೆ ಪರಿಚಯಿಸಿದರು. ತನ್ನ ನಂಬಿಕೆಯಲ್ಲಿ ಬೇರೂರಿದವನೇ ಇನ್ನೊಬ್ಬರ ನಂಬಿಕೆಯನ್ನು ಗೌರವಿಸಬಲ್ಲ ಎಂಬುದಕ್ಕೆ ಇದೊಂದು ಪ್ರಮಾಣ.

ಇದೇ ಸಾಲಿನಲ್ಲಿ ಶರಣಬಂಧುಗಳು ನೆನೆಯಲೇಬೇಕಾದ ಹೆಸರು ಎಲ್. ಬಸವರಾಜು ಅವರದು. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ, ಅಂದು ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕಿನಲ್ಲಿ 1919ರಲ್ಲಿ ಹುಟ್ಟಿದ ಅವರು ಅಲ್ಲಮನ ವಚನಗಳನ್ನೂ ಬಸವಣ್ಣನವರ ವಚನಗಳನ್ನೂ ಸಂಪಾದಿಸಿ ಕೊಟ್ಟರು. ಪಾಠ ಪಾಠಗಳನ್ನು ಹೋಲಿಸಿ, ಒಂದಕ್ಷರದ ಮುಂದೆ ದಿನಗಟ್ಟಲೆ ಕುಳಿತುಕೊಳ್ಳುವ ಕಾಯಕವದು. 2009ರಲ್ಲಿ ಚಿತ್ರದುರ್ಗದ ಎಪ್ಪತ್ತೈದನೆಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿದಾಗ ಅವರಿಗೆ ವಯಸ್ಸು ತೊಂಬತ್ತರ ಹತ್ತಿರ. ಇನ್ನೊಬ್ಬರ ಮಾತನ್ನು ಶುದ್ಧವಾಗಿ ಉಳಿಸಿಕೊಡುವುದರಲ್ಲೇ ಅವರ ಪರಿಚಯವಿತ್ತು.

ಇಲ್ಲಿಗೆ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಹೆಸರಿದ್ದವರಿಗೆ ಹೆಸರನ್ನು ಬಿಡುವುದು ಸುಲಭ. ಪುಸ್ತಕದ ಪುಟದಲ್ಲಿ ತಲೆತಲಾಂತರದಿಂದ ತಮ್ಮ ಹೆಸರನ್ನೇ ಕಾಣದವರಿಗೆ ವಿನಯದ ಬೋಧೆ ಮಾಡುವುದು ನ್ಯಾಯವೇ? ಕೋಲಾರದಂಥ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ದಲಿತ ಚಳವಳಿಯ ಹಾಡುಗಳು ಇಲ್ಲಿ ಊರಿಂದೂರಿಗೆ ಹಬ್ಬಿದವು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕಗಳಿಗೆ ಅಂಗಳವಾಯಿತು. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಮುಂತಾದ ಆತ್ಮಕಥನಗಳಲ್ಲಿ 'ನಾನು' ಎಂಬ ಪದವೇ ಒಂದು ಸಾಮಾಜಿಕ ಸಾಕ್ಷ್ಯವಾಗಿ ನಿಂತಿದೆ. ಆ 'ನಾನು'ವನ್ನು ಅಹಂಕಾರವೆಂದು ತಳ್ಳಿಹಾಕುವುದು ಶರಣರಿಗೆ ಒಪ್ಪುವ ಮಾತಲ್ಲ.

ಆಕ್ಷೇಪ ಸತ್ಯವೇ. ಅದಕ್ಕೆ ಉತ್ತರವೂ ಶರಣರಲ್ಲೇ ಇದೆ. ಅಂಕಿತ ಅಹಂಕಾರವನ್ನು ಬಿಡಿಸಲು ಬಂದದ್ದು; ಹೆಸರಿನ ಮುಂದಿನ ಕಾಯಕ ಅಂಜಿಕೆಯನ್ನು ಬಿಡಿಸಲು ಬಂದದ್ದು. ಮೇಲಿನವರಿಗೆ ಮೊದಲನೆಯದು ಹೆಚ್ಚು ಅಗತ್ಯ, ತುಳಿತಕ್ಕೆ ಒಳಗಾದವರಿಗೆ ಎರಡನೆಯದು ಹೆಚ್ಚು ಅಗತ್ಯ. ಮಾದಾರ ಚೆನ್ನಯ್ಯನವರ ಹೆಸರಿನಲ್ಲಿ ಮಾದಾರ ಎಂಬ ಪದ ಉಳಿಯಬೇಕಿತ್ತು, ಉಳಿಯಿತು. ಮಂತ್ರಿ ಪದವಿಯಲ್ಲಿದ್ದ ಬಸವಣ್ಣನವರು ತಮ್ಮ ಪದವಿಯನ್ನು ಅಂಕಿತವಾಗಿಸಿಕೊಳ್ಳಬೇಕಿರಲಿಲ್ಲ, ಆಗಿಸಿಕೊಳ್ಳಲಿಲ್ಲ. ಎರಡಕ್ಕೂ ಒಂದೇ ನಿಯಮವನ್ನು ಹೇರದೆ ಒಂದೇ ಮಂಟಪದಲ್ಲಿ ಕೂರಿಸಿದ್ದು ಕಲ್ಯಾಣದ ಹಿರಿಮೆ.

ಹೀಗಿರುವಾಗ ಇಂದಿನ ಎಳೆಯ ಬರಹಗಾರರು ತಮ್ಮ ಪರಿಚಯದಲ್ಲಿ ಏನನ್ನು ಬರೆಯಬೇಕು? ಮೊದಲು ಕಾಯಕವನ್ನು ಬರೆಯಲಿ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ತಾಯಿ ದುಡಿದಿದ್ದರೆ ಅದನ್ನು ಬರೆಯಲಿ. ಕೋಲಾರದ ಮಂಡಿಗೆ ಟೊಮೆಟೊ ಹೊತ್ತುಹಾಕಿ ಕಾಲೇಜಿನ ಶುಲ್ಕ ಕಟ್ಟಿದ್ದರೆ, ಬೆಳಗಿನ ಜಾವ ಡೇರಿಗೆ ಹಾಲು ಅಳೆದು ಬಂದು ಓದಿದ್ದರೆ, ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತ ಕವಿತೆ ಕಟ್ಟಿದ್ದರೆ ಅದನ್ನು ಬರೆಯಲಿ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಮನೆಯ ಮಗನಾಗಿದ್ದರೆ ಅದನ್ನೂ ಹೇಳಲಿ. ಹವ್ಯಾಸಗಳ ಪಟ್ಟಿಗಿಂತ ಇಂಥ ಒಂದು ಸಾಲು ಓದುಗನಿಗೆ ಹೆಚ್ಚು ತಿಳಿಸುತ್ತದೆ. ಮನೆಮಾತು ತೆಲುಗೋ ತಮಿಳೋ ಉರ್ದುವೋ ಆಗಿದ್ದರೆ ಸಂಕೋಚಪಡಬೇಕಾಗಿಲ್ಲ. ಕನ್ನಡದ ಆಸ್ತಿಯೆಂದು ಹೆಸರಾದ ಮಾಸ್ತಿಯವರೇ ಮನೆಯಲ್ಲಿ ಬೇರೆ ನುಡಿ ಆಡಿದವರು.

ಅನಂತರ ಋಣವನ್ನು ಬರೆಯಲಿ. ಯಾವ ಗುರುಗಳು ಅಕ್ಷರ ತಿದ್ದಿದರು, ಯಾವ ಪುಸ್ತಕ ನಿದ್ದೆಗೆಡಿಸಿತು, ಯಾರ ದನಿಯಲ್ಲಿ ಮೊದಲು ಹಾಡು ಕೇಳಿದ್ದು ಎಂಬುದೇ ಒಲವಿನ ನಿಜವಾದ ವಿವರಣೆ.

ನಂಬಿಕೆಯನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು, ಆದರೆ ತಲೆತಗ್ಗಿಸದೆ ಹೇಳಲಿ. 'ನಾನು ಇಂಥ ಸಮುದಾಯಕ್ಕೆ ಸೇರಿದವನು' ಎಂಬುದು ನಂಬಿಕೆಯ ಮಾತಲ್ಲ. ಅದು ಪ್ರಮಾಣಪತ್ರದ ಮಾತು. ಹುಟ್ಟಿನಿಂದ ಬಂದದ್ದು ಗುರುತು, ಆಚರಣೆಯಿಂದ ಬಂದದ್ದು ನಂಬಿಕೆ. ಇಷ್ಟಲಿಂಗವನ್ನು ಧರಿಸಿದವರು 'ದಿನವೂ ಒಂದು ಗಳಿಗೆ ಇದರ ಮುಂದೆ ಸುಮ್ಮನೆ ಕೂರುತ್ತೇನೆ. ಅಲ್ಲಿ ಸುಳ್ಳು ಹೇಳಲಾಗದ್ದರಿಂದ ಕಾಗದದ ಮೇಲೂ ಹೇಳಲಾರೆ' ಎಂದು ಬರೆದರೆ ಅನ್ಯಮತದ ಓದುಗನೂ ಮೆಚ್ಚುತ್ತಾನೆ. ದೇವರನ್ನು ನಂಬದ ತರುಣನೊಬ್ಬ ತನ್ನ ಸತ್ಯನಿಷ್ಠೆಯನ್ನು ಇಷ್ಟೇ ನೇರವಾಗಿ ಹೇಳಿದರೆ ಅದಕ್ಕೂ ಸದ್ಭಕ್ತರು ಕಿವಿಗೊಡಬೇಕು.

ಬರೆಯುವವರಿಗೆ ಹೇಳಿದ್ದು ಇಷ್ಟು. ಓದುವವರ ಹೊಣೆ ಇದಕ್ಕಿಂತ ದೊಡ್ಡದು. ಹೊಸ ಹೆಸರೊಂದನ್ನು ಕಂಡೊಡನೆ 'ಯಾವ ಊರು, ಯಾರ ಪೈಕಿ' ಎಂದು ವಿಚಾರಿಸುವ ಚಾಳಿ ಭಕ್ತರ ಮನೆಗಳಲ್ಲೂ, ಸಭೆಗಳಲ್ಲೂ ಉಳಿದುಕೊಂಡಿದೆ. ಹೊಸಬನ ಕುಲಮೂಲವನ್ನು ಕೆದಕದೆ ಅವನನ್ನು ಮನೆಯ ಮಗನಾಗಿ ಎಣಿಸಬೇಕೆಂದು ಹಂಬಲಿಸಿದ ಬಸವಣ್ಣನವರ ವಚನ ಮಕ್ಕಳಿಗೂ ಬಾಯಿಪಾಠವಾಗಿದೆ. ಅದನ್ನು ಸಭೆಯ ಆರಂಭದಲ್ಲಿ ಹಾಡಿ, ಸಭೆ ಮುಗಿದ ಮೇಲೆ ಯುವಕವಿಯ ಜಾತಿಯನ್ನು ಪಿಸುಮಾತಿನಲ್ಲಿ ಕೇಳುವುದು ವಚನಕ್ಕೆ ಮಾಡುವ ಅಪಚಾರ. ಎಳೆಯರು ನಂಬಿಕೆಯ ಸಾಲನ್ನು ಬರೆಯಲು ಅಳುಕುತ್ತಿದ್ದರೆ ಅದರ ತಪ್ಪಿನಲ್ಲಿ ದೊಡ್ಡ ಪಾಲು ಹಿರಿಯರದೇ. ಮೊದಲು ಕವಿತೆಯನ್ನು ಓದಿ, ಆಮೇಲೆ ಪ್ರಭುದೇವರಂತೆ ನೇರವಾದ ಪ್ರಶ್ನೆ ಕೇಳಿದರೆ ಅದು ನಿಜವಾದ ಆದರ. ಬರಿಯ ಹಾರ ತುರಾಯಿಗಳಿಂದ ಯಾವ ಬರಹಗಾರನೂ ಬೆಳೆದದ್ದಿಲ್ಲ.

ಕೊನೆಯದಾಗಿ, ವಚನ ಸಂಪುಟಗಳನ್ನು ತಿರುವಿದವರಿಗೆ ಗೊತ್ತಿರುವ ಒಂದು ಸಂಗತಿ. ಅಲ್ಲಿ ಅಂಕಿತ ಮಾತ್ರ ಉಳಿದು, ಬರೆದವರ ಹೆಸರು ತಿಳಿಯದೆ ಹೋದ ವಚನಗಳೂ ಇವೆ. ಅವರ ಊರು ತಿಳಿಯದು, ಕಾಯಕ ತಿಳಿಯದು, ಹೆಣ್ಣೋ ಗಂಡೋ ಎಂಬುದೂ ಎಷ್ಟೋ ಕಡೆ ತಿಳಿಯದು. ಅವರು ಯಾರಿಗೆ ಒಲಿದಿದ್ದರು ಎಂಬುದೊಂದು ಮಾತ್ರ ಎಂಟು ನೂರು ವರ್ಷ ದಾಟಿ ಬಂದಿದೆ. ಶ್ರೀನಿವಾಸಪುರದ ಆ ಯುವತಿ ತನ್ನ ಹೆಸರನ್ನು ಧೈರ್ಯವಾಗಿ ಬರೆಯಲಿ, ತಂದೆಯ ಮಾವಿನ ತೋಪನ್ನೂ, ಮನೆಯ ತೆಲುಗನ್ನೂ, ಅಜ್ಜಿ ಕಟ್ಟಿಸಿದ ಲಿಂಗವನ್ನೂ ಬರೆಯಲಿ. ಪುಸ್ತಕದ ಹಿಂಬದಿಯ ಆ ಹತ್ತು ಸಾಲುಗಳು ಒಂದು ದಿನ ಹರಿದುಹೋದರೂ ಒಳಗಿನ ಕವಿತೆಗಳೇ ಆಕೆಯ ಪರಿಚಯವನ್ನು ಹೇಳುವಂತಿರಲಿ.